ಅತಿಥಿ ಇದ್ದಷ್ಟು ದಿನ

ಐರ್ಲೆಂಡಿನ ನಮ್ಮ ಕಿಲ್‌ಬ್ರಾಕನ್ ಊರಿನಲ್ಲಿ ಜಾರ್ಲತ್ ಹೆಷನ್‌ನಂಥ ಮಾತುಗಾರ ಇನ್ನೊಬ್ಬನಿರಲಿಲ್ಲ. ಅವನು ಡೇರಿಯ ಹಾಲಿನ ಲಾರಿ ಓಡಿಸುತ್ತಿದ್ದ. ಯಾರ ಗೇಟಿನ ಮುಂದೆ ಲಾರಿ ನಿಲ್ಲಿಸಿದರೂ ಅಲ್ಲೊಂದು ನಗೆಮಾತು ಬಿಟ್ಟೇ ಮುಂದೆ ಹೋಗುತ್ತಿದ್ದ. ಕ್ಯಾನು ಎತ್ತಿಕೊಡುವ ನೆಪದಲ್ಲಿ ಹೆಂಗಸರು ಅವನಿಗಾಗಿ ಕಾದು ನಿಲ್ಲುತ್ತಿದ್ದರು. ಅಂಥವನು ಸ್ವಂತ ಹೆಂಡತಿಯ ಜೊತೆ ಮಾತು ಬಿಟ್ಟು ವರ್ಷಗಳಾಗಿವೆ ಎಂದರೆ ಊರಿನಲ್ಲಿ ಯಾರೂ ನಂಬುತ್ತಿರಲಿಲ್ಲ. ಹೆಂಡತಿ ಡಿಂಪ್ನಾ ಯಾರಿಗೂ ಹೇಳಲೂ ಇಲ್ಲ, ನನ್ನೊಬ್ಬಳ ಹೊರತು.

ನನ್ನ ಮನೆ ಅವರ ಮನೆಯ ಎದುರಿಗೇ. ಸಾಲದ್ದಕ್ಕೆ ನಾವಿಬ್ಬರೂ ಕೆಲಸ ಮಾಡುತ್ತಿದ್ದುದು ಚರ್ಚಿನ ಸಿಸ್ಟರುಗಳು ನಡೆಸುತ್ತಿದ್ದ ಮುದುಕರ ಆಶ್ರಮದ ಅಡುಗೆಮನೆಯಲ್ಲಿ. ಅವಳು ಒಲೆಯ ಬಳಿ, ನಾನು ತರಕಾರಿಯ ಬಳಿ. ಬಕೆಟ್ಟುಗಟ್ಟಲೆ ಆಲೂಗಡ್ಡೆ ಸಿಪ್ಪೆ ಸುಲಿಯುವಾಗ ಮನುಷ್ಯರು ಯಾವತ್ತೋ ಒಂದು ದಿನ ಎಲ್ಲವನ್ನೂ ಹೇಳಿಬಿಡುತ್ತಾರೆ.

ನಡೆದದ್ದು ಇಷ್ಟು. ಮದುವೆಯಾದಾಗಿನಿಂದ ಡಿಂಪ್ನಾ ಅತ್ತೆಯನ್ನು ನೋಡಿಕೊಂಡಿದ್ದಳು. ಮುದುಕಿಗೆ ಸೊಂಟದ ಕೆಳಗೆ ಸ್ವಾಧೀನವಿರಲಿಲ್ಲ, ಬಾಯಿ ಮಾತ್ರ ಚೆನ್ನಾಗಿತ್ತು. ಮಕ್ಕಳಾಗಲಿಲ್ಲ ಎಂಬುದನ್ನು ಊಟಕ್ಕೊಮ್ಮೆ, ಚಹಾಕ್ಕೊಮ್ಮೆ ಸೊಸೆಗೆ ನೆನಪಿಸುತ್ತಿದ್ದಳು. ಜಾರ್ಲತ್ ಕೇಳಿಸಿಕೊಂಡೂ ಕೇಳಿಸದವನಂತೆ ಕೂತಿರುತ್ತಿದ್ದ. ಒಂದು ಮಂಗಳವಾರ, ಅವನು ಲಾರಿ ತೆಗೆದುಕೊಂಡು ಹೋದ ಮೇಲೆ, ಡಿಂಪ್ನಾ ಅತ್ತೆಗೆ ಗಂಜಿ ಕುಡಿಸಿ, ಪೆಟ್ಟಿಗೆ ಹಿಡಿದು ಡಬ್ಲಿನ್ ಬಸ್ಸು ಹತ್ತಿದಳು. ಅಕ್ಕ ಊನಾ ಇಂಗ್ಲೆಂಡಿನ ಲೀಡ್ಸ್‌ನಲ್ಲಿದ್ದಳು. ಬಂದುಬಿಡು, ಆಸ್ಪತ್ರೆಯಲ್ಲಿ ಕೆಲಸ ಕೊಡಿಸುತ್ತೇನೆ ಎಂದು ಎಷ್ಟೋ ಸಲ ಕರೆದಿದ್ದಳು.

ಹಡಗಿನ ಕಟ್ಟೆಯವರೆಗೂ ಹೋದಳು. ಅಲ್ಲಿ ಪೆಟ್ಟಿಗೆಯ ಮೇಲೆ ಕೂತಾಗ ಮುದುಕಿಯನ್ನು ಎತ್ತಿ ಕೂರಿಸುವವರು ಯಾರು ಎಂಬ ಯೋಚನೆ ಬಂತು. ಹಡಗು ಹೋಯಿತು, ಅವಳು ಹೋಗಲಿಲ್ಲ. ಮರುದಿನ ಮಧ್ಯಾಹ್ನ ಮನೆಗೆ ವಾಪಸು ಬಂದಾಗ ಜಾರ್ಲತ್ ಮೇಜಿನ ಮುಂದೆ ಕೂತು ಬೇಯಿಸಿದ ಮೊಟ್ಟೆ ತಿನ್ನುತ್ತಿದ್ದ. ತಲೆಯೆತ್ತಿ ಅವಳನ್ನು ನೋಡಿದ. ಆಮೇಲೆ ಮೊಟ್ಟೆಯನ್ನು ನೋಡಿದ. ಅಂದಿನಿಂದ ಅವಳ ಜೊತೆ ಮಾತಿಲ್ಲ.

"ಬೈದನಾ?" ಎಂದು ನಾನು ಕೇಳಿದೆ.

"ಬೈದಿದ್ರೆ ಚೆನ್ನಾಗಿತ್ತು ಕಣೇ ಕಾನ್ಸಿ," ಎಂದಳು.

ಹೊಡೆಯಲಿಲ್ಲ, ಕುಡಿಯಲಿಲ್ಲ, ಸಂಬಳ ತಂದು ಮೇಜಿನ ಮೇಲಿಡುವುದನ್ನು ತಪ್ಪಿಸಲಿಲ್ಲ. ಭಾನುವಾರ ಇಬ್ಬರೂ ಒಂದೇ ಕಾರಿನಲ್ಲಿ ಪೂಜೆಗೆ ಬರುತ್ತಿದ್ದರು, ಒಂದೇ ಬೆಂಚಿನಲ್ಲಿ ಮೊಣಕಾಲೂರುತ್ತಿದ್ದರು. ಇನ್ನು ಮನೆಯಲ್ಲಿ ಏನಾದರೂ ಹೇಳಲೇಬೇಕಾದಾಗ ಅವನು ನಾಯಿಗೆ ಹೇಳುತ್ತಿದ್ದ. ಶೆಪ್ ಎಂಬ ಕಪ್ಪು ಬಿಳುಪಿನ ಕುರಿನಾಯಿ ಅದು. "ಶೆಪ್, ಈ ಮನೇಲಿ ಉಪ್ಪಿಗೇನು ಬರ ಬಂದಿದೆಯಾ?" ಎನ್ನುತ್ತಿದ್ದ. ಡಿಂಪ್ನಾ ಉಪ್ಪು ತಂದಿಡುತ್ತಿದ್ದಳು. "ಶೆಪ್, ನಾಳೆ ಪಶುವೈದ್ಯರು ಬರ್ತಾರೆ. ಯಾರಾದ್ರೂ ಮನೇಲಿರಬೇಕು." ಅವಳು ಮನೆಯಲ್ಲಿರುತ್ತಿದ್ದಳು. ಮೂರು ವರ್ಷದಲ್ಲಿ ಅತ್ತೆ ಸತ್ತಳು. ಇನ್ನಾದರೂ ಸರಿಹೋದೀತು ಎಂದುಕೊಂಡೆವು. ಸರಿಹೋಗಲಿಲ್ಲ. ತೊಂಬತ್ತನಾಲ್ಕರ ವಸಂತದಲ್ಲಿ ಶೆಪ್ ಕೂಡ ಸತ್ತಿತು. ಜಾರ್ಲತ್ ಇನ್ನೊಂದು ನಾಯಿ ತರಲಿಲ್ಲ. ಆ ಮನೆಯಲ್ಲಿ ರೇಡಿಯೋ ಒಂದೇ ಮಾತಾಡುತ್ತಿತ್ತು.

ಅದೇ ವರ್ಷ ಜುಲೈನಲ್ಲಿ ಅಮೆರಿಕದಿಂದ ಜನ ಬಂದರು. ಪೆನ್ಸಿಲ್ವೇನಿಯಾದ ಹಾಲ್‌ವರ್ತ್ ಎಂಬ ಕಲ್ಲಿದ್ದಲ ಊರಿನೊಂದಿಗೆ ನಾವು ಸೋದರಿ ಊರು ಎಂದು ನಂಟು ಕಟ್ಟಿಕೊಂಡಿದ್ದೆವು. ಹಿಂದೆ ಹಸಿವಿನ ಕಾಲದಲ್ಲಿ ಇಲ್ಲಿಂದ ಹೋದವರು ಅಲ್ಲಿ ಗಣಿಗಿಳಿದಿದ್ದರಂತೆ. ಊರ ಬಾಗಿಲಲ್ಲಿ ಎರಡೂ ಹೆಸರು ಬರೆದ ಹಲಗೆ ನೆಟ್ಟಿದ್ದೆವು. ಬಂದವರನ್ನು ಹೋಟೆಲಿನಲ್ಲಿ ಇಳಿಸುವುದು ಮರ್ಯಾದೆಯಲ್ಲ, ಮನೆಮನೆಗೆ ಹಂಚಿಕೊಳ್ಳಬೇಕು ಎಂದು ಸ್ವಾಗತ ಸಮಿತಿಯ ಮುಖ್ಯಸ್ಥ, ಔಷಧಿ ಅಂಗಡಿಯ ಮಲಾಕಿ, ಹಟ ಹಿಡಿದಿದ್ದ. ನಾನೂ ಸಮಿತಿಯಲ್ಲಿದ್ದೆ. ಜನ ಬರುವ ವಾರದಲ್ಲೇ ಒಂದು ಮನೆಯ ಮಕ್ಕಳಿಗೆ ದಡಾರ ಬಂತು. ಒಬ್ಬ ಹೆಂಗಸಿಗೆ ಜಾಗವಿಲ್ಲದಂತಾಯಿತು. ನನಗೆ ಡಿಂಪ್ನಾಳ ಅತ್ತೆಯ ಕೋಣೆ ನೆನಪಾಯಿತು.

"ನನಗೇನೋ ಇಷ್ಟವೇ," ಎಂದಳು ಡಿಂಪ್ನಾ, ಸೌಟು ಕೆಳಗಿಡದೆ. "ಅವನನ್ನ ಕೇಳೋದು ಹೇಗೆ?"

"ನಾನು ಕೇಳ್ತೀನಿ ಬಿಡು."

ಸಂಜೆ ಗೇಟಿನ ಹತ್ತಿರ ಅವನನ್ನು ತಡೆದು ಕೇಳಿದೆ. ಬೇಡ ಎನ್ನುತ್ತಾನೆ ಎಂದೇ ಎಣಿಸಿದ್ದೆ.

"ಅಮೆರಿಕದವಳಾ? ಬರಲಿ ಬಿಡು," ಎಂದ ಜಾರ್ಲತ್. "ನಮ್ಮಮ್ಮನ ಮಂಚದಲ್ಲಿ ಮಲಗಿ ಎದ್ದರೆ ಅವಳ ಬಾಯೂ ಚುರುಕಾಗತ್ತೆ."

ಮರುದಿನವೇ ಬಣ್ಣದ ಡಬ್ಬಿ ತಂದು ಆ ಕೋಣೆಯ ಗೋಡೆಗೆ ಹಳದಿ ಬಳಿದ. ಡಿಂಪ್ನಾ ಪರದೆ ಹೊಲಿದಳು. ಅವನು ಕುರ್ಚಿ ಹತ್ತಿ ಸರಳು ಹಿಡಿದುಕೊಂಡ, ಅವಳು ಪರದೆ ಪೋಣಿಸಿದಳು. ಮಾತಿಲ್ಲದೆಯೇ ಅಷ್ಟು ಕೆಲಸ ಮುಗಿಯಿತು.

ಬಂದವಳ ಹೆಸರು ವಿಲ್ಮಾ ಡಗನ್. ದಪ್ಪ ಹೆಂಗಸು, ಅರವತ್ತು ದಾಟಿತ್ತು. ಶಾಲೆಯ ಬಸ್ಸು ಓಡಿಸಿ ನಿವೃತ್ತಳಾದವಳು. ಅವಳಲ್ಲಿ ಐರಿಶ್ ರಕ್ತ ಒಂದು ಹನಿಯೂ ಇರಲಿಲ್ಲ. ತಂದೆ ತಾಯಿ ಪೋಲೆಂಡಿನವರು. ಐರಿಶ್ ಆಗಿದ್ದುದು ಅವಳ ಗಂಡ ಫ್ರಾಂಕ್. ಅಜ್ಜ ಹುಟ್ಟಿದ ಊರು ನೋಡಬೇಕು ಎಂದು ಬಹಳ ವರ್ಷ ಹಂಬಲಿಸಿದ್ದನಂತೆ. ಪ್ರಯಾಣಕ್ಕೆಲ್ಲ ಸಿದ್ಧವಾದ ಮೇಲೆ ಹೃದಯ ನಿಂತು ಸತ್ತ. ಅವನ ಬದಲಿಗೆ ಇವಳು ಬಂದಿದ್ದಳು. ಯಾರನ್ನು ಏನು ಕೇಳಬೇಕು, ಏನು ಕೇಳಬಾರದು ಎಂಬ ಅಂಕೆ ಅವಳಿಗಿರಲಿಲ್ಲ. ಅದರಲ್ಲಿ ಕುಹಕವೂ ಇರಲಿಲ್ಲ.

ಮೊದಲ ರಾತ್ರಿಯ ಊಟಕ್ಕೆ ಡಿಂಪ್ನಾ ಹಂದಿಮಾಂಸ, ಎಲೆಕೋಸು ಬೇಯಿಸಿದ್ದಳು. ನನ್ನನ್ನೂ ಕರೆದಿದ್ದಳು, ಮೌನ ಮುಚ್ಚುವುದಕ್ಕೆ. ಅದರ ಅಗತ್ಯವೇ ಬೀಳಲಿಲ್ಲ. ಆಲೂಗಡ್ಡೆಯ ಮೇಲೆ ಬೆಣ್ಣೆ ಹಚ್ಚುತ್ತಾ ವಿಲ್ಮಾ ಕೇಳಿದಳು:

"ಅಲ್ಲ, ನೀವಿಬ್ರೂ ಗಂಟು ಬಿದ್ದಿದ್ದು ಹೇಗೆ?"

ನಾನು ತಟ್ಟೆ ನೋಡಿಕೊಂಡು ಕೂತೆ. ಡಿಂಪ್ನಾ ಮೆಲ್ಲಗೆ ಶುರು ಮಾಡಿದಳು. "ಚರ್ಚಿನ ಹಾಲ್‌ನಲ್ಲಿ ಕುಣಿತ ಇತ್ತು. ವಾಪಸು ಬರ್ತಾ ನನ್ನ ಸೈಕಲ್ ಪಂಕ್ಚರ್ ಆಯ್ತು. ಮಳೆ ಹೊಡೀತಿತ್ತು—"

"ಮಳೆ ಎಲ್ಲಿತ್ತು?" ಎಂದ ಜಾರ್ಲತ್. ಹೇಳಿದ್ದು ವಿಲ್ಮಾಗೆ. "ಒಂದು ಹನಿ ಇರಲಿಲ್ಲ. ಬೆಳದಿಂಗಳು. ಈಯಮ್ಮ ಮಳೆ ಅಂತಾಳೆ, ಯಾಕೆ ಗೊತ್ತಾ? ನನ್ನ ಕೋಟು ಇಸ್ಕೊಂಡಳಲ್ಲ, ಅದಕ್ಕೊಂದು ಕಾರಣ ಬೇಕು."

"ಚಳಿಯಾದ್ರೂ ಇತ್ತು," ಎಂದಳು ಡಿಂಪ್ನಾ.

"ಚಳಿ ಇತ್ತು. ಅದನ್ನ ಒಪ್ಪಿದೆ."

ವಿಲ್ಮಾ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಕೋಟು ವಾಪಸು ಬಂತಾ?"

"ಎಲ್ಲಿ ಬಂತು? ಕೋಟು ಹುಡುಕ್ಕೊಂಡು ಹೋಗಿ ಹೆಂಡತೀನ ತಂದೆ."

ಡಿಂಪ್ನಾ ಎದ್ದು ಒಲೆಯ ಕಡೆಗೆ ತಿರುಗಿ ನಿಂತಳು. ಕೆಟಲ್ ಆಗಲೇ ಕುದಿದಿತ್ತು. ಅವಳು ಅದನ್ನು ಮತ್ತೆ ಕಾಯಲಿಟ್ಟಳು.

ಎರಡನೆಯ ದಿನ ಅವನು ಹೆಸರು ಹಿಡಿದು ಕರೆದನಂತೆ. "ಡಿಂಪ್ನಾ, ಆ ಹಾಲು ಸ್ವಲ್ಪ ಈ ಕಡೆ ಕೊಡು." ಜಗ್ಗನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟೆ, ಇಲ್ಲವಾದರೆ ಬೀಳಿಸುತ್ತಿದ್ದೆ ಎಂದು ಮರುದಿನ ಆಶ್ರಮದಲ್ಲಿ ಹೇಳಿದಳು. ಅವಳ ಕೆನ್ನೆ ಕೆಂಪಾಗಿತ್ತು. ಐವತ್ತೇಳರ ಹೆಂಗಸಿನ ಮುಖದಲ್ಲಿ ಅಂಥ ಕೆಂಪು ನೋಡಿ ನನಗೆ ಖುಷಿಗಿಂತ ಹೆಚ್ಚು ಭಯವಾಯಿತು.

ಆ ವಾರ ಅವರ ಮನೆಯಿಂದ ಬರುತ್ತಿದ್ದ ನಗು ನನ್ನ ಅಂಗಳಕ್ಕೆ ಕೇಳುತ್ತಿತ್ತು. ಜಾರ್ಲತ್ ವಿಲ್ಮಾಳನ್ನು ಲಾರಿಯಲ್ಲಿ ಕೂರಿಸಿಕೊಂಡು ಹಾಲಿನ ದಾರಿಯೆಲ್ಲ ಸುತ್ತಿಸಿದ. ಮೂವರೂ ಸೇರಿ ಹುಲ್ಲು ಬೆಳೆದ ಹಳೆಯ ಸ್ಮಶಾನದಲ್ಲಿ ಡಗನ್‌ಗಳ ಕಲ್ಲು ಹುಡುಕಿದರು. ಸಿಕ್ಕಿದ ಕಲ್ಲಿನ ಮೇಲೆ ಹೆಸರು ಸವೆದುಹೋಗಿತ್ತು. ವಿಲ್ಮಾ ಅದರ ಮೇಲೆ ಕೈಯಿಟ್ಟು ಅತ್ತಾಗ ಜಾರ್ಲತ್, "ಡಿಂಪ್ನಾ, ಕರ್ಚೀಫ್ ಇದೆಯಾ?" ಎಂದನಂತೆ. ಡಿಂಪ್ನಾ ಅದನ್ನೂ ನನಗೆ ಹೇಳಿದಳು. ಅವನು ಆಡಿದ ಒಂದೊಂದು ಮಾತನ್ನೂ ತಂದು ನನ್ನ ಮುಂದಿಡುತ್ತಿದ್ದಳು.

"ವಿಲ್ಮಾ ಇದಾಳೆ ಅಂತ ಆಡ್ತಾನೆ ಕಣೇ," ಎಂದೆ. ಹೇಳದಿದ್ದರೆ ಆಗುತ್ತಿರಲಿಲ್ಲ. "ಪರರ ಮುಂದೆ ಮಾನ ಉಳಿಸ್ಕೋಬೇಕಲ್ಲ."

"ಗೊತ್ತು," ಎಂದಳು. "ಆದರೂ ಒಂದು ಸಲ ಬಾಯಿ ಬಂತಲ್ಲ. ಅಭ್ಯಾಸ ಆಗಬಹುದು."

ಕಡೆಯ ಸಂಜೆ ಹಾಲ್‌ನಲ್ಲಿ ಬೀಳ್ಕೊಡುಗೆ. ಮಲಾಕಿಯ ಭಾಷಣ, ಆಮೇಲೆ ಅಕಾರ್ಡಿಯನ್, ಪಿಟೀಲು. ವಿಲ್ಮಾ ಗಂಡ ಹೆಂಡತಿ ಇಬ್ಬರ ಕೈಯನ್ನೂ ಹಿಡಿದೆಳೆದು ನಡುವೆ ತಂದು ಬಿಟ್ಟಳು. "ಕೋಟಿನ ಕಥೆ ಹೇಳಿದೋರು ಕುಣಿಯಲೇಬೇಕು," ಎಂದು ತಾನು ಹೋಗಿ ದೂರದಲ್ಲಿ ಕೂತಳು. ಅವರು ಕುಣಿದರು. ಜಾರ್ಲತ್‌ನ ಕೈ ಅವಳ ಬೆನ್ನಿನ ಮೇಲಿತ್ತು. ಒಂದು ಸುತ್ತು ಬರುವಾಗ ಅವನು ತಲೆ ಬಗ್ಗಿಸಿ ಅವಳ ಕಿವಿಯಲ್ಲಿ ಏನೋ ಹೇಳಿದ್ದನ್ನು ನಾನು ಕಂಡೆ.

ಆಮೇಲೆ ಬಾಗಿಲ ಹೊರಗೆ ಗಾಳಿಗೆ ನಿಂತಾಗ ಕೇಳಿದೆ. "ಏನಂದ?"

"'ಎಡಗಾಲು ನೋಡ್ಕೋ' ಅಂದ." ಅವಳ ಉಸಿರು ಇನ್ನೂ ಏರಿತ್ತು. "ವಿಲ್ಮಾಗೆ ಕೇಳಿಸ್ತಿರಲಿಲ್ಲ ಕಾನ್ಸಿ. ಯಾರಿಗೂ ಕೇಳಿಸ್ತಿರಲಿಲ್ಲ. ನನಗೊಬ್ಬಳಿಗೇ ಹೇಳಿದ್ದು."

ಅದಕ್ಕೆ ಎದುರಾಡಲು ನನಗೆ ಮನಸ್ಸು ಬರಲಿಲ್ಲ. ನನಗೂ ಆಸೆ ಹುಟ್ಟಿತ್ತು.

ಬೆಳಿಗ್ಗೆ ಚೌಕದಿಂದ ಬಸ್ಸು ಹೊರಟಿತು. ವಿಲ್ಮಾ ಇಬ್ಬರನ್ನೂ ಒಟ್ಟಿಗೆ ಅಪ್ಪಿಕೊಂಡು, "ನಿಮ್ಮನ್ನ ನೋಡ್ತಿದ್ರೆ ನಾನೂ ಫ್ರಾಂಕೂ ಇದ್ದ ಹಾಗೇ ಇದೀರಪ್ಪ," ಎಂದು ಅತ್ತಳು. ಬಸ್ಸು ತಿರುವು ದಾಟುವವರೆಗೂ ಜಾರ್ಲತ್ ಟೋಪಿ ಬೀಸಿದ. ಇಬ್ಬರೂ ಕಾರು ಹತ್ತಿದರು. ಅಲ್ಲಿಂದ ಮುಂದಿನದನ್ನು ಡಿಂಪ್ನಾ ಆಮೇಲೆ ನನಗೆ ಹೇಳಿದಳು.

"ಒಳ್ಳೆ ಹೆಂಗಸು," ಎಂದಳು ಡಿಂಪ್ನಾ.

ಅವನು ರೇಡಿಯೋ ಹಾಕಿದ. ದನದ ಸಂತೆಯ ಧಾರಣೆ ಬರುತ್ತಿತ್ತು.

ಕೇಳಿಸಲಿಲ್ಲವೇನೋ ಎಂದು ಅವಳು ಮತ್ತೊಮ್ಮೆ ಹೇಳಿದಳು. ಅವನು ಧ್ವನಿ ಜೋರು ಮಾಡಿದ. ಮನೆಗೆ ಬಂದ ಮೇಲೆ ಅವಳು ಚಹಾ ಮಾಡಿ ಎರಡು ಬಟ್ಟಲಿಗೆ ಹಾಕಿ, ಎದುರುಬದುರು ಇಟ್ಟು ಕೂತಳು. ಅವನು ತನ್ನ ಬಟ್ಟಲು ಎತ್ತಿಕೊಂಡು ಕೊಟ್ಟಿಗೆಗೆ ಹೋದ. ಹಿಂದೆಯೇ ಹೋಗಿ ಬಾಗಿಲಲ್ಲಿ ನಿಂತು, "ಜಾರ್ಲತ್, ಒಂದೇ ಒಂದು ಮಾತು. ಬೈಯೋ ಮಾತಾದ್ರೂ ಸರಿ," ಎಂದಳು. ಅವನು ಬಟ್ಟಲನ್ನು ಗೋಡೆಯ ಮೇಲಿಟ್ಟು, ಅವಳ ಪಕ್ಕದಿಂದಲೇ ಹಾದು, ಹೊಲದ ಕಡೆಗೆ ನಡೆದುಹೋದ.

ಆ ವಾರವಿಡೀ ಡಿಂಪ್ನಾ ಆಶ್ರಮದಲ್ಲಿ ಬಾಯಿ ಬಿಡಲಿಲ್ಲ. ಮುಂದಿನ ವಾರ ಒಂದು ದಿನ ಒಲೆಯಾರಿಸಿ ಬಂದು ನನ್ನ ಬಕೆಟ್ಟಿನ ಪಕ್ಕದಲ್ಲಿ ಕೂತಳು.

"ಇಷ್ಟು ವರ್ಷ ನಾನು ಏನಂದ್ಕೊಂಡಿದ್ದೆ ಗೊತ್ತಾ? ನಾನು ಮಾಡಿದ್ದಕ್ಕೆ ಅವನ ಒಳಗೆ ಏನೋ ಮುರಿದುಹೋಗಿದೆ, ನನ್ನ ನೋಡಿದ್ರೆ ಪಾಪ ಅವನಿಗೆ ಬಾಯೇ ಬರಲ್ಲ ಅಂತ. ರೋಗ ಇದ್ದ ಹಾಗೆ. ರೋಗಿ ಮೇಲೆ ಸಿಟ್ಟು ಮಾಡ್ಕೋತೀವಾ? ಅತ್ತೆ ಮೇಲೂ ಮಾಡ್ಕೊಂಡಿರಲಿಲ್ಲ." ಒಂದು ಆಲೂಗಡ್ಡೆ ಎತ್ತಿಕೊಂಡು ಕೈಯಲ್ಲಿ ತಿರುಗಿಸಿದಳು. "ಬರತ್ತೆ ಕಾನ್ಸಿ. ಅವನಿಗೆ ಮಾತು ಬರತ್ತೆ. ನೆಟ್ಟಗೆ ಬರತ್ತೆ. ಕೊಡಲ್ಲ, ಅಷ್ಟೆ."

"ಹಾಗಾದ್ರೆ ಹೊರಟು ಹೋಗು. ಈಗ ಯಾವ ಅತ್ತೆ ಇದಾಳೆ?"

"ಊನಾಗೇ ಈಗ ನೆಟ್ಟಗೆ ನಡೆಯೋಕಾಗಲ್ಲ. ಇನ್ನೊಬ್ಬಳನ್ನ ಎತ್ತಿ ಕೂರಿಸೋಕೆ ಹೋಗಲಾ?" ಎಂದು ನಕ್ಕಳು. ಅದು ನಗುವಾಗಿರಲಿಲ್ಲ.

ಮರುವರ್ಷ ಅವಳು ತಾನಾಗಿ ಮಲಾಕಿಯ ಅಂಗಡಿಗೆ ಹೋಗಿ ಅತಿಥಿ ಬೇಕೆಂದು ಕೇಳಿದಳು. ಆ ಸಲ ಹಾಲ್‌ವರ್ತ್‌ನಿಂದ ಬಂದವರು ಕಡಿಮೆ, ಅವರೂ ಹೋಟೆಲೇ ಬೇಕೆಂದರು. ಆಗ ಡಿಂಪ್ನಾ ರಸ್ತೆಯ ಬದಿಯಲ್ಲಿ 'ಕೋಣೆ ಇದೆ' ಎಂಬ ಫಲಕ ಹಾಕಿಸಿದಳು. ಸೈಕಲ್ಲಿನಲ್ಲಿ ಬಂದ ಜರ್ಮನ್ ದಂಪತಿ ತಂಗಿದರು. ಜಾರ್ಲತ್ ಅವರ ಮುಂದೆ ಮತ್ತೆ ಬಾಯಿಬಿಟ್ಟ, "ಡಿಂಪ್ನಾ ಮಾಡೋ ಬ್ರೆಡ್ಡು ತಿನ್ನದೆ ಹೋಗಬೇಡಿ," ಎಂದ. ಆಮೇಲೆ ಮೀನು ಹಿಡಿಯಲು ಬಂದ ಇಬ್ಬರು. ಆಗಲೂ ಆಡಿದ, ಸ್ವಲ್ಪ. ಮೂರನೆಯ ಸಲ ಒಬ್ಬ ಉಪಾಧ್ಯಾಯಿನಿ ಬಂದಾಗ ಅವನು ಊಟದ ತಟ್ಟೆ ಎತ್ತಿಕೊಂಡು ಕೊಟ್ಟಿಗೆಗೆ ಹೋದ. ಹೆಂಡತಿ ಏತಕ್ಕೆ ಜನರನ್ನು ತರುತ್ತಿದ್ದಾಳೆ ಎಂಬುದು ಅವನಿಗೆ ತಿಳಿದುಹೋಗಿತ್ತು. ಉಪಾಧ್ಯಾಯಿನಿ ಹೋದ ದಿನವೇ ಡಿಂಪ್ನಾ ಫಲಕ ಕೀಳಿಸಿದಳು.

ಆವರೆಗೆ ನಮ್ಮ ದೇಶದ ಕಾನೂನಿನಲ್ಲಿ ವಿಚ್ಛೇದನ ಎಂಬುದೇ ಇರಲಿಲ್ಲ. ಅದೇ ವರ್ಷದ ಚಳಿಗಾಲದಲ್ಲಿ ಅದು ಬೇಕೋ ಬೇಡವೋ ಎಂದು ಜನರ ಮತ ಕೇಳಿದರು. ಗಂಡ ಹೆಂಡತಿ ಒಂದೇ ಕಾರಿನಲ್ಲಿ ಶಾಲೆಗೆ ಬಂದು, ಒಂದೇ ಸಾಲಿನಲ್ಲಿ ನಿಂತು ಮತ ಹಾಕಿದರು.

"ಬೇಕು ಅಂತ ತಾನೆ ಹಾಕಿದ್ದು?" ಎಂದು ಆಮೇಲೆ ಕೇಳಿದೆ.

"ಬೇಡ ಅಂತ."

"ನಿನಗೇನು ಹುಚ್ಚಾ ಮಾರಾಯ್ತಿ?"

"ನನ್ನ ಬಿಟ್ಟುಬಿಡೋಕೆ ಅವನು ಬೇಕು ಅಂತ ಹಾಕಿರ್ತಾನೆ ಅನ್ನಿಸಿತು," ಎಂದಳು.

ಕಾನೂನು ಬಂತು. ಅವನು ಅದರ ಸುದ್ದಿಗೆ ಹೋಗಲಿಲ್ಲ. ಅವನಿಗೆ ಬಿಡುಗಡೆಯೂ ಬೇಕಿರಲಿಲ್ಲ.

ವಿಲ್ಮಾ ಕ್ರಿಸ್‌ಮಸ್‌ಗೆ ತಪ್ಪದೆ ಫೋನು ಮಾಡುತ್ತಿದ್ದಳು. ಒಂದು ವರ್ಷ ಫೋನು ಬಂದಾಗ ನಾನೂ ಅವರ ಮನೆಯಲ್ಲಿದ್ದೆ. ಜಾರ್ಲತ್ ಫೋನೆತ್ತಿ, ತನ್ನ ಲಾರಿ ಇನ್ನೂ ಅವಳ ಭಾರಕ್ಕೆ ವಾಲಿಕೊಂಡೇ ಓಡುತ್ತಿದೆ ಎಂದು ತಮಾಷೆ ಮಾಡಿದ. ಅವಳು ಅಲ್ಲಿ ನಗುವುದು ಇಲ್ಲಿಗೆ ಕೇಳುತ್ತಿತ್ತು. "ಇಗೋ, ಇಲ್ಲೇ ಇದಾಳೆ, ಕೊಡ್ತೀನಿ," ಎಂದವನು ಹೆಂಡತಿಯ ಕಡೆ ನೋಡದೆ ಫೋನನ್ನು ಮೇಜಿನ ಮೇಲಿಟ್ಟು ಎದ್ದುಹೋದ. ಡಿಂಪ್ನಾ ಅದನ್ನೆತ್ತಿಕೊಂಡು, "ನಾವು ಚೆನ್ನಾಗಿದೀವಿ ವಿಲ್ಮಾ. ಹೌದು, ಇಬ್ರೂ," ಎಂದಳು. ಕೆಲವು ವರ್ಷಗಳಾದ ಮೇಲೆ ಫೋನು ಬರುವುದು ನಿಂತಿತು. ವಿಲ್ಮಾ ತೀರಿಕೊಂಡಳೆಂದು ಮಲಾಕಿಯ ಮೂಲಕ ತಿಳಿಯಿತು.

ಎರಡು ಸಾವಿರದ ನಾಲ್ಕರಲ್ಲಿ ಜಾರ್ಲತ್‌ಗೆ ಶ್ವಾಸಕೋಶದ ಕಾಯಿಲೆ ಬಂದು ಆಸ್ಪತ್ರೆ ಸೇರಿದ. ವಾರ್ಡಿನ ನರ್ಸುಗಳಿಗೆಲ್ಲ ಅವನೆಂದರೆ ಪ್ರಾಣ. ಉಸಿರು ಸಾಲದಿದ್ದರೂ ಒಬ್ಬೊಬ್ಬಳಿಗೂ ಒಂದು ಅಡ್ಡಹೆಸರಿಟ್ಟಿದ್ದ. ಡಿಂಪ್ನಾ ದಿನವೂ ಬಸ್ಸಿನಲ್ಲಿ ಹೋಗಿ ಮಂಚದ ಪಕ್ಕ ಕೂರುತ್ತಿದ್ದಳು, ಗಡ್ಡ ಬೋಳಿಸುತ್ತಿದ್ದಳು, ಸೂಪು ಕುಡಿಸುತ್ತಿದ್ದಳು. ಅವನು ಬಾಯಿ ತೆರೆಯುತ್ತಿದ್ದುದು ಚಮಚಕ್ಕೆ ಮಾತ್ರ.

ನಾನು ನೋಡಲು ಹೋದಾಗ ಗಾಲ್ವೇ ತಂಡ ಆಡಿದ ಆಟದ ಬಗ್ಗೆ ಹೇಳತೊಡಗಿದ. ನನಗೆ ತಡೆಯಲಾಗಲಿಲ್ಲ.

"ಆಟದ ಮನೆ ಹಾಳಾಗಲಿ. ಇಲ್ಲಿ ಕೂತಿದಾಳಲ್ಲ, ಇವಳ ಹತ್ರ ಒಂದು ಮಾತಾಡೋ ಪುಣ್ಯಾತ್ಮ. ಇನ್ಯಾವಾಗ ಆಡ್ತೀಯ?"

ಜಾರ್ಲತ್ ನನ್ನನ್ನೇ ನೋಡಿದ. ಆ ನೋಟದಲ್ಲಿ ಸಿಟ್ಟಿರಲಿಲ್ಲ, ದುಃಖವೂ ಕಾಣಲಿಲ್ಲ. ಆಮೇಲೆ ಕಣ್ಣು ಮುಚ್ಚಿಕೊಂಡ.

"ಬಿಡೇ ಕಾನ್ಸಿ. ದಣಿದಿದಾನೆ," ಎಂದು ಡಿಂಪ್ನಾ ಅವನ ಹೊದಿಕೆ ಸರಿಮಾಡಿದಳು.

ಆ ವಾರ ಕಳೆಯುವ ಮುನ್ನ ಅವನು ಸತ್ತ. ಕಡೆಯ ಗಳಿಗೆಯಲ್ಲಿ ಅವಳು ಪಕ್ಕದಲ್ಲೇ ಇದ್ದಳು. ಏನಾದರೂ ಹೇಳಿದನೇ ಎಂದು ನಾನು ಕೇಳಲಿಲ್ಲ, ಅವಳ ಮುಖ ನೋಡಿದರೆ ಸಾಕಾಗಿತ್ತು. ಶವಯಾತ್ರೆಗೆ ಹಾಲಿನ ದಾರಿಯ ಜನರೆಲ್ಲ ಬಂದರು. ಸಾಲುಗಟ್ಟಿ ಬಂದು ಅವಳ ಕೈ ಹಿಡಿದು, "ಎಂಥ ಮಾತುಗಾರ ಕಣಮ್ಮ, ನಿನಗೆ ಮನೆಯೆಲ್ಲ ಖಾಲಿ ಅನ್ನಿಸತ್ತೆ ಇನ್ಮೇಲೆ," ಎಂದರು. ಡಿಂಪ್ನಾ ಎಲ್ಲರಿಗೂ "ಥ್ಯಾಂಕ್ಸ್, ಬಂದಿರಲ್ಲ," ಎಂದಳು.

ತಿಂಗಳು ಕಳೆದ ಮೇಲೆ ನಾನೊಂದು ಮಧ್ಯಾಹ್ನ ಅವಳ ಅಡುಗೆಮನೆಯಲ್ಲಿ ಕೂತಿದ್ದೆ.

"ನಾನು ಅಳ್ತಿಲ್ಲ ಅಂತ ಜನ ಆಡ್ಕೋತಿದಾರಂತೆ," ಎಂದಳು.

"ಆಡ್ಕೊಳ್ಳಲಿ."

"ಅಳು ಬರ್ತಿಲ್ಲ ಕಾನ್ಸಿ. ಸಿಟ್ಟೂ ಬರ್ತಿಲ್ಲ. ಅವನು ಇದ್ದಾಗ, ನಾಳೆ ಆಡ್ತಾನೇನೋ, ನಾಡಿದ್ದು ಆಡ್ತಾನೇನೋ ಅಂತಿದ್ದೆ. ಅದೊಂದು ಕೆಲಸ ಇತ್ತು ನನಗೆ. ಈಗ ಅದೂ ಇಲ್ಲ."

ನಾನು ಎದ್ದು ಚಹಾಕ್ಕೆ ನೀರಿಟ್ಟೆ. ಅದಾಗಿ ವರ್ಷಗಳಾದವು. ಈಗ ಅವಳು ನಾವು ಅಡುಗೆ ಮಾಡುತ್ತಿದ್ದ ಆ ಆಶ್ರಮದಲ್ಲೇ ಇದ್ದಾಳೆ, ಮೇಲಿನ ಮಹಡಿಯಲ್ಲಿ. ಗುರುವಾರ ನಾನು ಹೋಗುತ್ತೇನೆ. ಅವಳಿಂದ ಯಾವ ತೊಂದರೆಯೂ ಇಲ್ಲ, ಏನೂ ಕೇಳುವುದಿಲ್ಲ ಎಂದು ಸಿಸ್ಟರುಗಳು ಹೊಗಳುತ್ತಾರೆ. ಊರಿನ ಸುದ್ದಿಯನ್ನು ನಾನು ಹೇಳುತ್ತಾ ಹೋಗುತ್ತೇನೆ. ಅವಳು ಕಿಟಕಿಯ ಕಡೆ ಮುಖ ಮಾಡಿ ಕೂತಿರುತ್ತಾಳೆ. ಕೇಳಿಸಿಕೊಳ್ಳುತ್ತಿದ್ದಾಳೋ ಇಲ್ಲವೋ, ನನಗೆ ತಿಳಿಯುವುದಿಲ್ಲ. ಊಟದ ಗಾಡಿ ಬಂದಾಗ ಎದ್ದು ಬರುತ್ತೇನೆ.